ಬರಿಗಾಲಿನ ಅಕ್ಕನಿಗೊಂದು ಜೊತೆ ಬೂಟು

ಯಾರ ಮನೆಗೆ ಹೋದರೂ ಕರೆಯುವ ಮೊದಲು ಹೊಸ್ತಿಲಾಚೆ ಬಿಟ್ಟಿರುವ ಚಪ್ಪಲಿಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ನನಗೆ ಅಂಟಿದ ಚಟ. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿ ಮಕ್ಕಳ ಕಾಗೆಕಾಲು ಗುಬ್ಬಿಕಾಲು ಅಕ್ಷರಗಳನ್ನು ಓದುತ್ತಲೇ ನಿವೃತ್ತನಾದವನಿಗೆ ಮನುಷ್ಯರ ಕಾಲಿನ ಬರವಣಿಗೆಯೂ ಒಂದಿಷ್ಟು ತಿಳಿಯುತ್ತದೆ ಎಂದಿಟ್ಟುಕೊಳ್ಳಿ. ಹಿಮ್ಮಡಿ ಒಂದೇ ಕಡೆ ಸವೆದ ಜೋಡಿಯಿದ್ದರೆ ಯಜಮಾನರು ಮನೆಯಲ್ಲಿದ್ದಾರೆ. ಒಂದು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಮುನಿಸಿಕೊಂಡು ಬಿದ್ದಿದ್ದರೆ ಮೊಮ್ಮಗ ಶಾಲೆಯಿಂದ ಬಂದಿದ್ದಾನೆ. ಕಂಡರಿಯದ ಹೊಳಪಿನ ಜೋಡಿಗಳು ಸಾಲಾಗಿ ನಿಂತಿದ್ದರೆ ಹೆಣ್ಣು ನೋಡಲು ಬಂದವರಿದ್ದಾರೆ, ನಾವು ಸದ್ದಿಲ್ಲದೆ ಹಿಂದಿರುಗುವುದು ಲೇಸು.

ಈ ನನ್ನ ವಿದ್ಯೆ ಸೋಲುತ್ತಿದ್ದ ಮನೆ ಒಂದೇ, ಇಟ್ಟಿಗಿಯಲ್ಲಿರುವ ನನ್ನ ಅಕ್ಕ ಕೊಟ್ರಮ್ಮನದು. ಮಗ, ಸೊಸೆ, ಮೊಮ್ಮಕ್ಕಳ ಹಾಜರಿ ಬಾಗಿಲಲ್ಲೇ ಸಿಗುತ್ತಿತ್ತು, ಅಕ್ಕನದು ಸಿಗುತ್ತಿರಲಿಲ್ಲ. ಮಗ ಕೂಸಾಗಿದ್ದಾಗ ಅವನ ಕಾಯಿಲೆ ವಾಸಿಯಾಗಲೆಂದು ಕೊಟ್ಟೂರಿನ ಗುಡಿಗೆ ಬರಿಗಾಲಲ್ಲಿ ನಡೆದು ಬರುವ ಹರಕೆ ಹೊತ್ತವಳು, ಮಗ ಗುಣವಾಗಿ ಹರಕೆ ತೀರಿದರೂ ಬರಿಗಾಲನ್ನು ತೀರಿಸಲಿಲ್ಲ. ಹೊಲಕ್ಕೂ ಅದೇ ಕಾಲು, ಸಂತೆಗೂ ಅದೇ ಕಾಲು, ಮಗನ ಮದುವೆಗೂ ಅದೇ ಕಾಲು. ಪಾದರಕ್ಷೆಯಿಲ್ಲದವಳೆಂಬ ಆಪಾದನೆಯನ್ನು ನಾನು ಹೊರಿಸಿದಾಗಲೆಲ್ಲ, ದೇವರು ಕೊಟ್ಟ ಚರ್ಮವೇ ಇರುವಾಗ ದನದ ಚರ್ಮ ಯಾಕೆಂದು ನಗುತ್ತಿದ್ದಳು.

ಆ ನಗು ಹಾಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ನಡುವೆ ಸಕ್ಕರೆ ಕಾಯಿಲೆ ಬಂದಿತು. ಒಂದು ದಿನ ಹೊಲದಿಂದ ಬಂದ ಅಕ್ಕ ಪಡಸಾಲೆಯಲ್ಲಿ ಓಡಾಡಿದ ಕಡೆಯಲ್ಲೆಲ್ಲ ಕೆಂಪು ಗುರುತು ಬಿದ್ದದ್ದನ್ನು ಸೊಸೆ ನೋಡಿ ಕೂಗಿಕೊಂಡಾಗಲೇ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದಿರುವುದು ಗೊತ್ತಾದದ್ದು. ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ಅವಳ ಪಾದಗಳು ಅವಳಿಗೆ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದವು.

ಇಂಥ ಪಾದಗಳನ್ನು ಇಟ್ಟುಕೊಂಡು ಅಕ್ಕ, ಈ ಸಲ ಬೇಸಿಗೆಯಲ್ಲಿ ಗುಡಿಯ ಬಾಗಿಲು ತೆರೆದ ಕೂಡಲೇ ಕೇದಾರಕ್ಕೆ ಹೋಗುವುದಾಗಿಯೂ, ದೇವರ ಹತ್ತಿರ ಹೋಗುವುದಾದ್ದರಿಂದ ಬರಿಗಾಲಲ್ಲೇ ಹೋಗುವುದಾಗಿಯೂ ಘೋಷಿಸಿದಳು. ಜೊತೆಗೆ ಹೋಗಬೇಕಾದವನು ನಾನು. ಹರಪನಹಳ್ಳಿಯಲ್ಲಿ ಅವಳನ್ನು ನೋಡುವ ಡಾಕ್ಟರಮ್ಮನ ಬಳಿ ಓಡಿದೆ. ಆಕೆ ಬೇಡವೆಂದರೆ ನನ್ನ ಕೆಲಸ ಹಗುರವಾದೀತು ಎಂಬುದು ನನ್ನ ಹೇಡಿತನದ ಲೆಕ್ಕ. ಆಕೆ ಬೇಡವೆನ್ನಲಿಲ್ಲ. "ಕುದುರೆ ಮೇಲೆ ಕೂತು, ಒಳ್ಳೆ ಬೂಟ್ ಹಾಕ್ಕೊಂಡು ಹೋಗೋದಾದ್ರೆ ಹೋಗ್ಲಿ ಸಾರ್. ಬರಿಗಾಲಲ್ಲಿ ಹೋದ್ರೆ ವಾಪಸ್ ಬರೋವಾಗ ಬೆರಳು ಎಣಿಸ್ಕೊಂಡು ಬರಬೇಕಾಗ್ತತಿ. ಬಿಗಿ ಬೂಟ್ ಹಾಕಿದ್ರೂ ಅದೇ ಕಥೆ, ಕಚ್ಚಿದ್ದು ಆಯಮ್ಮಗೆ ಗೊತ್ತಾಗಲ್ಲ" ಎಂದರು. ಅಂದಿನಿಂದ ನಾನೂ ಹಟ ತೊಟ್ಟೆ: ಅಕ್ಕ ಕೇದಾರಕ್ಕೆ ಹೋಗಬೇಕು, ಬೂಟು ತೊಟ್ಟೇ ಹೋಗಬೇಕು, ಎಲ್ಲ ಬೆರಳುಗಳನ್ನೂ ಕರೆದುಕೊಂಡು ಬರಬೇಕು. ಹಟದಲ್ಲಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

ನಮ್ಮ ಸೀಮೆಯಲ್ಲಿ ಹಿಮದ ಬೂಟು ಹುಡುಕುವುದೆಂದರೆ ಮರುಭೂಮಿಯಲ್ಲಿ ದೋಣಿ ಹುಡುಕಿದ ಹಾಗೆ. ಕೂಡ್ಲಿಗಿಯಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರ ಓಟದ ಬೂಟು ತೋರಿಸಿದರು. ಕೊಟ್ಟೂರಿನಲ್ಲಿ ಕಾಂಕ್ರೀಟು ತುಳಿಯುವವರ ಗಂಬೂಟು ತೋರಿಸಿ, ಅಕ್ಕನವರು ಮನೆ ಕಟ್ಟಿಸುತ್ತಿದ್ದಾರೆಯೇ ಎಂದು ವಿಚಾರಿಸಿದರು. ಡಾಂಬರು ಕರಗುವ ಬಿಸಿಲಿನಲ್ಲಿ ಹಗರಿಬೊಮ್ಮನಹಳ್ಳಿಯ ಅಂಗಡಿಯೊಂದನ್ನು ಹೊಕ್ಕು, ಇಂಗ್ಲಿಷಿನಲ್ಲಿ ಕೇಳಿದರೆ ತೂಕ ಹೆಚ್ಚೀತೆಂದು 'ಸ್ನೋ ಬೂಟು' ಇವೆಯೇ ಎಂದೆ. ಅಂಗಡಿಯವರು ಬೆವರು ಒರೆಸಿಕೊಂಡು, "ಸ್ನೋ ಎದುರಿನ ಬಳೆ ಅಂಗಡ್ಯಾಗ ಸಿಗತೈತಿ ನೋಡ್ರಿ ಸರ, ಪೌಡ್ರೂ ಐತಿ. ನಮ್ಮಲ್ಲಿ ಬೂಟು ಅಷ್ಟ" ಎಂದರು. ನಮ್ಮ ಹೆಂಗಸರು ಮುಖಕ್ಕೆ ಹಚ್ಚುತ್ತಿದ್ದ ಸ್ನೋ ಬಿಟ್ಟರೆ ಬೇರೆ ಸ್ನೋ ನಾವ್ಯಾರೂ ಕಂಡವರಲ್ಲ, ತಪ್ಪು ಅವರದಲ್ಲ. ಸಂಗತಿ ತಿಳಿದ ಮೇಲೆ ಅದೇ ಮನುಷ್ಯ ಪಕ್ಕದಲ್ಲಿ ಕೂರಿಸಿಕೊಂಡು, ದಿಲ್ಲಿ ಕಡೆಯಿಂದ ತರಿಸಿಕೊಡುವುದಾಗಿ ಮಾತು ಕೊಟ್ಟರು.

ಅಷ್ಟು ಹೊತ್ತಿಗೆ ನಾನು ಊರಿಗೊಬ್ಬನೇ ಬೂಟುಶಾಸ್ತ್ರಜ್ಞನಾಗಿದ್ದೆ. ಹೋಗಿ ಬಂದವರನ್ನೆಲ್ಲ ಕೇಳಿ ತಿಳಿದದ್ದೇನೆಂದರೆ, ಹಿಮಕ್ಕಿಂತ ಕೆಟ್ಟದ್ದು ಅರ್ಧ ಕರಗಿದ ಹಿಮ. ಅದು ನೀರು, ಮಣ್ಣು, ಕುದುರೆಯ ಲದ್ದಿಗಳ ಜೊತೆ ಸಂಸಾರ ಹೂಡಿ ರಾಡಿಯಾದಾಗ ಮೇಲಿಂದ ಇಳಿದು, ಕೆಳಗಿಂದ ಏರಿ, ಕಾಲನ್ನು ತೋಯಿಸಿಯೇ ತೀರುತ್ತದೆ. ಚರ್ಮದ ಬೂಟು ನೀರು ಕುಡಿಯುತ್ತದೆ, ಅಕ್ಕ ಅದನ್ನು ಮುಟ್ಟುವುದೂ ಇಲ್ಲ. ಬರೀ ರಬ್ಬರಾದರೆ ನೀರು ತಡೆದೀತು, ಚಳಿ ತಡೆಯದು. ಆದ್ದರಿಂದ ಕೆಳಗೆ ರಬ್ಬರು, ಮೇಲೆ ನೀರಿಳಿಯದ ಬಟ್ಟೆ, ಒಳಗೆ ಉಣ್ಣೆ. ಅಟ್ಟೆಯ ಅಡಿಯಲ್ಲಿ ಉತ್ತ ಹೊಲದಂಥ ಆಳವಾದ ಸಾಲು. ರಾಡಿ ಒಳಗೆ ಇಣುಕದಷ್ಟು ಎತ್ತರ. ಸೀರೆಯುಟ್ಟವಳು ಬಗ್ಗಿ ಲಾಡಿ ಕಟ್ಟುವ ಗೋಜಿಲ್ಲದಂತೆ ಚರ್ರೆಂದು ಅಂಟುವ ಪಟ್ಟಿ. ಬೆರಳುಗಳು ಕಾಲು ಚಾಚಿ ಮಲಗುವಷ್ಟು ಜಾಗ. ಅಳತೆಗೆ ನಮ್ಮವ್ವ ಕಲಿಸಿದ ಉಪಾಯವಿತ್ತು. ಅಕ್ಕ ಮಧ್ಯಾಹ್ನ ನಿದ್ದೆಹೋಗಿದ್ದಾಗ ಕಸಬರಿಗೆಯ ಕಡ್ಡಿಯೊಂದನ್ನು ಅವಳ ಅಂಗಾಲಿಗೆ ಹಿಡಿದು, ಹೆಬ್ಬೆರಳ ತುದಿಗೆ ಮುರಿದು, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ಬಂದೆ.

ಬೂಟು ಬಂತು. ಪೆಟ್ಟಿಗೆಯಲ್ಲಿ ಎರಡು ಕರಡಿಮರಿ ಮಲಗಿದ ಹಾಗಿದ್ದವು. ಇಟ್ಟಿಗಿಗೆ ಒಯ್ದು ಅಕ್ಕನ ಮುಂದಿಟ್ಟಾಗ ಅವಳು ಅವನ್ನು ಹೊಸ್ತಿಲು ದಾಟಿಸಗೊಡಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಅಕ್ಕನಿಗೆ ರೋಗ ಬಂದಿತ್ತು, ನನಗೆ ಜಗಳ. ಆದರೂ ಮೇಷ್ಟ್ರಲ್ಲವೇ, ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ ತಮ್ಮನ ಕಥೆ ತೆಗೆದು, ಪಾದರಕ್ಷೆ ಎಷ್ಟು ಪವಿತ್ರವೆಂದು ಪ್ರವಚನ ಮಾಡಿದೆ. ಅಕ್ಕ ಅವರೆಕಾಯಿ ಸುಲಿಯುತ್ತಲೇ ಕೇಳಿಸಿಕೊಂಡು, "ಆ ತಮ್ಮ ಅಣ್ಣನ ಪಾದುಕಿ ತಲಿ ಮ್ಯಾಲೆ ಹೊತ್ಕಂಡು ಹೋದ. ನೀ ಅಕ್ಕನ ಕಾಲಿಗೆ ತುರಕಾಕ ಬಂದೀದಿ. ಯಾವ ತಮ್ಮ ಚೊಲೊ?" ಎಂದಳು. ಸೊಸೆ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಓಡಿದಳು.

ಮಾತಿನಲ್ಲಿ ಸೋತವನು ಪ್ರಯೋಗಕ್ಕಿಳಿದೆ. ಹಡಗಲಿಯಿಂದ ಗೋಣಿಚೀಲದಲ್ಲಿ ಐಸ್ ಗಡ್ಡೆ ಕಟ್ಟಿಸಿಕೊಂಡು ಬಂದು, ಅರ್ಧ ಕರಗಿದ್ದನ್ನು ಅಂಗಳದ ಬಾನಿಯಲ್ಲಿ ಸುರಿದು ಕುಟ್ಟಿ, ಒಂದು ಪುಟ್ಟಿ ಎರೆಮಣ್ಣು ಕಲಸಿ, ಇಟ್ಟಿಗಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಹಿಮಾಲಯದ ರಾಡಿಯನ್ನು ತಯಾರಿಸಿದೆ. ಓಣಿಯವರೆಲ್ಲ ಸೇರಿದರು. ಇಬ್ಬರೂ ಬರಿಗಾಲಲ್ಲಿ ಇಳಿಯುವುದು. ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೋ ಅವರ ಮಾತು ನಡೆಯಬೇಕು ಎಂದು ಷರತ್ತು ಹಾಕಿದೆ. ಒಂದು ಕ್ಷಣ ನಿಂತರೆ ಅಕ್ಕ ತಾನಾಗಿಯೇ ಬೂಟು ಕೇಳುತ್ತಾಳೆಂಬುದು ನನ್ನ ಜಾಣತನ.

ಕಾಲಿಟ್ಟ ಕೂಡಲೇ ಆ ತಣುಪು ಸೂಜಿಯಾಗಿ ಮೊಳಕಾಲಿಗೆ ಏರಿತು. ನಾಲ್ಕು ಉಸಿರು ಹಿಡಿದೆ, ಐದನೆಯದಕ್ಕೆ ಅಯ್ಯಯ್ಯೋ ಎಂದು ಹೊರಗೆ ನೆಗೆದು ಕುಣಿದಾಡಿದೆ. ಓಣಿ ಹೋ ಎಂದು ನಕ್ಕಿತು. ಅಕ್ಕ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. ಚಹಾ ಆಯಿತೇನೆಂದು ಸೊಸೆಯನ್ನು ಕೇಳಿದಳು. "ಸೋತಿ ನೋಡೋ ತಮ್ಮಾ" ಎಂದು ಗೆಲುವಿನಿಂದ ನನ್ನನ್ನು ನೋಡಿದಳು. ನಾನೂ ನಗುತ್ತಲೇ ಅವಳ ಕಾಲಿನ ಕಡೆ ನೋಡಿದೆ. ಕಪ್ಪು ಕೆಸರಿನ ಮೇಲೆ ಕೆಂಪು ನೂಲಿನೆಳೆಯೊಂದು ಬಿಚ್ಚಿಕೊಳ್ಳುತ್ತಿತ್ತು. ಐಸಿನ ಚೂರು ಕಿರುಬೆರಳನ್ನು ಕೊಯ್ದಿತ್ತು.

ಸೊಸೆ, ನಾನು ಇಬ್ಬರೂ ಸೇರಿ ಎತ್ತಿ ಕಟ್ಟೆಯ ಮೇಲೆ ಕೂರಿಸಿದೆವು. ಸೊಸೆ ತನ್ನ ಸೆರಗಿನಿಂದಲೇ ಒರೆಸಿದಳು. ಆ ಪಾದಗಳು ಸುದ್ದಿ ಹೇಳುವುದಿಲ್ಲವೆಂಬುದನ್ನೇ ಹುರುಪಿನಲ್ಲಿ ಮರೆತ ನನ್ನ ಜಾಣತನದ ಮೇಲೆ ನನಗೆ ಹೇಸಿಗೆಯಾಯಿತು. ಅಕ್ಕ ತನ್ನ ಬೆರಳನ್ನು ಯಾರದೋ ಬೆರಳೆಂಬಂತೆ ನೋಡಿ, "ಇದು ಯಾವಾಗ ಆತು?" ಎಂದಳು. ಅವಳು ನಮ್ಮ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ಗೆದ್ದಾಕಿ ನಾನಲ್ಲ ಬಿಡು. ಶುಗರ್ ಗೆದ್ದೈತಿ" ಎಂದಳು. ಕಾಲು ಮುಂದಕ್ಕೆ ಚಾಚಿ, "ತಾ ನಿನ್ನ ಕರಡಿಮರಿ" ಎಂದಳು.

ಗಾಯ ಮಾಯುವ ತನಕ ಡಾಕ್ಟರಮ್ಮ ಬಿಡಲಿಲ್ಲ. ನಮ್ಮ ಸೀಮೆಯಿಂದ ಕೇದಾರಕ್ಕೆ ಹೊರಟ ಮೊದಲ ಯಾತ್ರೆಯ ತಂಡ ನಮ್ಮನ್ನು ಬಿಟ್ಟು ಹೋಯಿತು. ಬೆರಳು ಪೂರ್ತಿ ಮಾಯ್ದ ಮೇಲೆ ಇನ್ನೊಂದು ಸಮಸ್ಯೆ ಎದುರಾಯಿತು. ಬೂಟು ಎಲ್ಲಿ ಕಚ್ಚುತ್ತದೆಂದು ಹೇಳಬೇಕಾದವಳಿಗೇ ಅದು ತಿಳಿಯುವುದಿಲ್ಲ. ಕೇಳಿದರೆ, "ಭೇಷ್ ಐತಿ" ಎನ್ನುತ್ತಾಳೆ. ದಪ್ಪ ಉಣ್ಣೆಯ ಕಾಲುಚೀಲದ ಮೇಲೆ ಬೂಟು ತೊಡಿಸಿ ಅಂಗಳದಲ್ಲಿ ನಡೆಸಿ, ಬಿಚ್ಚಿ, ಕನ್ನಡಕ ಹಾಕಿಕೊಂಡು ಅವಳ ಪಾದಗಳನ್ನು ಓದಲು ಕೂತೆ. ಹೆಬ್ಬೆರಳಿನ ಪಕ್ಕ ಕಾಲುಚೀಲದ ನೇಯ್ಗೆ ಚರ್ಮದ ಮೇಲೆ ಅಚ್ಚೊತ್ತಿತ್ತು. ಅಂದರೆ ಅಲ್ಲಿ ಬಿಗಿ. ಆಗ ಹೊಳೆಯಿತು, ಕಡ್ಡಿ ಅಳೆದದ್ದು ಬರಿಗಾಲನ್ನು. ಕಾಲುಚೀಲವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬರಿಗಾಲಿನವರಿಗೆ ಬೂಟು ಕೊಂಡರೆ ಆಗುವ ತಪ್ಪು ಇದು. ಮತ್ತೆ ಹಗರಿಬೊಮ್ಮನಹಳ್ಳಿ, ಮತ್ತೆ ದಿಲ್ಲಿ, ಮತ್ತೆ ಅಂಗಳ. ಉರಿಬಿಸಿಲಿನಲ್ಲಿ ಸೀರೆಯ ಕೆಳಗೆ ಉಣ್ಣೆಯ ಬೂಟು ತೊಟ್ಟು ಅಕ್ಕ ದಿನವೂ ಬೆಳಿಗ್ಗೆ ಸಂಜೆ ಗತ್ತಿನಿಂದ ತಿರುಗಿದಳು. ದೊಡ್ಡ ಅಳತೆಯ ಜೋಡಿ ಯಾವ ಅಚ್ಚನ್ನೂ ಒತ್ತಲಿಲ್ಲ. ದೇವರ ಹತ್ತಿರ ಬೂಟು ತೊಟ್ಟು ಹೋಗುವ ಬಗ್ಗೆ ಅಕ್ಕ ತಾನೇ ಒಂದು ತೀರ್ಪನ್ನೂ ಕಂಡುಕೊಂಡಳು: "ಗುಡಿ ಬಾಗಲಾಗ ಎಲ್ಲಾರೂ ಏನರ ಬಿಟ್ಟು ಒಳಗ ಹೋಗ್ತಾರ. ನನಗ ಬಿಡಾಕ ಏನೂ ಇರಲಿಲ್ಲ. ಈಗ ಐತಿ."

ಕೇದಾರದ ದಾರಿ ನಾನು ಕೇಳಿದ್ದಕ್ಕಿಂತ ರಾಡಿಯಾಗಿತ್ತು. ಬಹುಪಾಲು ಕುದುರೆಯ ಮೇಲೆ ಹೋಗಿ, ಕೊನೆಯ ದಾರಿಯನ್ನು ಅಕ್ಕ ನಡೆದೇ ಹೋದಳು. ಎರೆಹೊಲದ ರಾಡಿಯಲ್ಲಿ ಬೆಳೆದವಳಿಗೆ ಎಲ್ಲಿ ಕಾಲೂರಬೇಕೆಂದು ಹೇಳಿಕೊಡಬೇಕಾಗಿರಲಿಲ್ಲ, ಜಾರಿ ಬಿದ್ದವನು ಬೂಟುಶಾಸ್ತ್ರಜ್ಞನೇ. ಎರಡು ಕಡೆಯೂ ಹಿಮ ಗೋಡೆಯಾಗಿ ನಿಂತಿತ್ತು. ಅಲ್ಲಲ್ಲಿ ಅಂಗಡಿಯ ನೆರಳಿನಲ್ಲಿ ಕೂತು ಅವಳ ಕಾಲುಚೀಲ ಮುಟ್ಟಿ ನೋಡುತ್ತಿದ್ದೆ. ಒಣಗಿಯೇ ಇತ್ತು.

ಗುಡಿಯ ಎದುರು ಕಲ್ಲು ಹಾಸಿನ ಅಂಗಳದಲ್ಲಿ ಅಕ್ಕ ಚರ್ರ್ ಚರ್ರ್ ಎಂದು ಪಟ್ಟಿ ಕಿತ್ತು, ಬೂಟು ಬಿಚ್ಚಿ ಜೋಡಿಸಿಟ್ಟಳು. ಕಾಲುಚೀಲ ಇರಲಿ ಎಂದು ನಾನು ಕಣ್ಣಲ್ಲೇ ಬೇಡಿದೆ. ಅವಳು ನಕ್ಕು ಒಂದು ಕಾಲಿನದನ್ನು ಕಳಚಿ, ಬರಿಪಾದವನ್ನು ಕಲ್ಲಿನ ಮೇಲೆ ಊರಿದಳು. ಇಷ್ಟು ದೂರ ಬಂದದ್ದೇ ಅದಕ್ಕಾಗಿ ಎಂಬಂತೆ ಕಣ್ಣು ಮುಚ್ಚಿ ಕಾದಳು. ಆಮೇಲೆ ಕಣ್ಣು ತೆರೆದು ನನ್ನ ತೋಳು ಹಿಡಿದಳು.

"ತಮ್ಮಾ, ನನಗ ಏನೂ ಗೊತ್ತಾಗವಲ್ದು. ನೀ ನಿಂತು ನೋಡಿ ಹೇಳು, ಎಷ್ಟು ತಣ್ಣಗೈತಿ."

ನಾನು ನನ್ನವನ್ನೂ ಬಿಚ್ಚಿ ಅವಳ ಪಕ್ಕ ನಿಂತೆ. ಬಾನಿಯಿಂದ ಐದನೆಯ ಉಸಿರಿಗೆ ನೆಗೆದವನು ಇಲ್ಲಿ ನೆಗೆಯಲಿಲ್ಲ. ತಣುಪು ಅಂಗಾಲಿನಿಂದ ಮೊಳಕಾಲಿಗೆ, ಮೊಳಕಾಲಿನಿಂದ ಎದೆಗೆ ಏರುತ್ತಿರುವುದನ್ನು ಜೀವಮಾನವೆಲ್ಲ ಪಾಠ ಹೇಳಿದವನ ಶ್ರದ್ಧೆಯಿಂದ ಒಂದೊಂದಾಗಿ ಹೇಳಿದೆ. ಅಕ್ಕ ಕೈಮುಗಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಕಡೆಗೆ, ಸಾಕು, ಕಾಲುಚೀಲ ತೊಡಿಸು ಎಂದಳು. ತೊಡಿಸಿದೆ, ಅಕ್ಕ ಸಾಲಿನೊಡನೆ ಗುಡಿಯೊಳಗೆ ಸರಿದಳು. ಮೇಲಿಂದ ಹಿಮ ಉದುರತೊಡಗಿತ್ತು. ಅಕ್ಕ ಹೊರಬರುವ ಹೊತ್ತಿಗೆ ಬೂಟಿನೊಳಗೆ ನೀರಿಳಿಯಬಾರದಲ್ಲ. ಅವೆರಡನ್ನೂ ಶಾಲಿನೊಳಗೆ ಎದೆಗವಚಿಕೊಂಡು ನಿಂತೆ. ಯಾವ ತಮ್ಮ ಚೊಲೊ ಎಂದು ಅವಳು ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರ ಅಷ್ಟೇ.

ಮೊನ್ನೆ ಮಳೆ ಬಿದ್ದ ಮಾರನೆಯ ದಿನ ಇಟ್ಟಿಗಿಗೆ ಹೋಗಿದ್ದೆ. ಚಟ ಬಿಡಬೇಕಲ್ಲ, ಕರೆಯುವ ಮೊದಲು ಹೊಸ್ತಿಲಾಚೆ ಕಣ್ಣಾಡಿಸಿದೆ. ಸೊಸೆಯದಿತ್ತು, ಮೊಮ್ಮಕ್ಕಳವು ಮುನಿಸಿಕೊಂಡು ಬಿದ್ದಿದ್ದವು, ಮಗನದಿರಲಿಲ್ಲ. ಗೋಡೆಗೆ ಒತ್ತಿ, ಪಕ್ಕಪಕ್ಕದಲ್ಲಿ, ಎರೆಮಣ್ಣು ಮೆತ್ತಿದ ಒಂದು ಜೊತೆ ಮೆತ್ತನೆಯ ಹೊಸ ಚಪ್ಪಲಿಗಳಿದ್ದವು. ಕಾಲಿನ ಸುದ್ದಿ ತಿಳಿಯದವರಿಗೆಂದೇ ಮಾಡುವಂಥವು. ನಾನು ಕೊಡಿಸಿದ್ದಲ್ಲ, ಯಾರೂ ಹೇಳಿದ್ದೂ ಅಲ್ಲ. ನನ್ನವನ್ನು ಅವುಗಳ ಪಕ್ಕದಲ್ಲಿ ಬಿಟ್ಟೆ. ಅಕ್ಕ ಮನೆಯಲ್ಲಿದ್ದಾಳೆ.