ಎರಡು ಹಾವುಗಳ ಗಾಜಿನ ಬೀರು

ಮೇಷ್ಟ್ರ ಉಗುರುಗಳ ಸಂದಿನಲ್ಲಿ ಸದಾ ಜೇನುಮೇಣ ಮೆತ್ತಿಕೊಂಡಿರುತ್ತಿತ್ತು. ಮದರಾಸು ಸರ್ಕಾರದ ಕಾಲದಲ್ಲಿ ರಾಯದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ನಮ್ಮ ಪಕ್ಕದ ಮನೆಯವರು. ಶಾಲೆಯ ಕೋಣೆಯೊಂದರಲ್ಲಿ ಹಕ್ಕಿ, ಚಿಟ್ಟೆ, ಮೊಟ್ಟೆಗಳನ್ನು ಕೂಡಿಟ್ಟು, ಅವಕ್ಕೆ ಗಾಜಿನ ಬೀರುಗಳನ್ನು ತಾವೇ ಮಾಡಿ, ಸಂದುಗಳಿಗೆ ಮೇಣ ಮೆತ್ತುತ್ತಿದ್ದರು. ಬಿಸಿಲಿಗೆ ರೆಕ್ಕೆಯ ಬಣ್ಣ ಹೋಗಬಾರದು, ಸಂದಿನಲ್ಲಿ ನುಸಿ ಹೋಗಬಾರದು, ಕಾಲಿಗೆ ಇರುವೆ ಹತ್ತಬಾರದು. ಮನೆಗೆ ಬಂದರೂ ಅದೇ ಮಾತು. "ಕಣ್ಣಿಗೆ ಪೂರ್ತಿ ಕಾಣಬೇಕು, ಕೈಗೆ ಸಿಗಬಾರದು, ಅಂಥಾ ಬೀರು ಆಗಬೇಕು" ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. "ನನಗೂ ಒಂದು ಬೀರು ಮಾಡ್ರಿ. ಅದರೊಳಗ ಕುಂತ್ರ ದಿನಾ ನನ್ನ ನೋಡ್ತೀರಿ" ಎಂದು ಆಕೆ ನಗುತ್ತಿದ್ದಳು.

ಕಪ್ಪು ಮೈಮೇಲೆ ಬಿಳಿ ಪಟ್ಟೆಯ ಒಂದು ಹಾವಿದೆ, ಅದಕ್ಕೆ ವಿಷವಿಲ್ಲ, ಹೊಡೆಯಬೇಡಿ ಎಂದು ಮೇಷ್ಟ್ರು ಓಣಿಗೆಲ್ಲ ಹೇಳಿದ್ದರು. ಒಂದು ಸಂಜೆ ಅಕ್ಕನ ಸೌದೆ ರಾಶಿಯಲ್ಲಿ ಅಂಥದೊಂದು ಕಂಡಿತು. ನಾನು ಕೋಲೆತ್ತಿದೆ.

"ಹೊಡೀಬ್ಯಾಡ ತಂಗಿ. ಅದೇನೂ ಮಾಡಂಗಿಲ್ಲಂತ ಇವರು ಹೇಳ್ಯಾರಲ್ಲ. ಶಾಲಿಗೆ ಬೇಕಾಗ್ತದ" ಎಂದು ಅಕ್ಕ ಅದನ್ನು ಕೈಯಿಂದಲೇ ಮೊರಕ್ಕೆ ಸರಿಸಿಕೊಂಡು, ಬುಟ್ಟಿ ಕವುಚಿದಳು. ಬೆರಳಿಗೆ ಏನೋ ಚುಚ್ಚಿತು ಎಂದಳು, ಅಷ್ಟೇ.

ಮೇಷ್ಟ್ರು ಬಂದು ಬುಟ್ಟಿ ಎತ್ತಿ ನೋಡಿದವರು ತಟ್ಟನೆ ಕವುಚಿ, ಅಕ್ಕನ ಬೆರಳು ಹಿಡಿದು ನೋಡಿದರು. ಅದು ಕಡುವಿಷದ ಕಟ್ಟುಹಾವು, ತೆಲುಗಿನವರ ಕಟ್ಲಪಾಮು. ಅಷ್ಟರಲ್ಲಿ ಅಕ್ಕನ ರೆಪ್ಪೆಗಳು ಜೋಲುತ್ತಿದ್ದವು. ಬಳ್ಳಾರಿಯ ಆಸ್ಪತ್ರೆಗೆ ಗಾಡಿ ಕಟ್ಟಿಸಿದರು. ನಾನೂ ಹತ್ತಿದೆ. ದಾರಿಯಲ್ಲಿ ಅಕ್ಕ ತೊದಲುತ್ತಾ ಕೇಳಿದಳು: "ಇದು ನೀವು ಹೇಳಿದ ಹಾವೇ ಅಲ್ಲೇನ್ರಿ?"

"ಹೌದು, ಅದೇ" ಎಂದರು ಮೇಷ್ಟ್ರು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. "ಏನೂ ಆಗಂಗಿಲ್ಲ. ಸುಮ್ಮನ ಮಲ್ಕೋ."

ಹಿರೇಹಾಳು ದಾಟುವ ಮೊದಲೇ ಅವಳ ಉಸಿರು ನಿಂತಿತು.

ಕೆಲವೇ ವಾರಗಳಲ್ಲಿ ಮೇಷ್ಟ್ರು ಮತ್ತೆ ಗರಗಸ ಹಿಡಿದಾಗ ಓಣಿಯವರು ಆಡಿಕೊಂಡರು. ಅವರು ಮಾಡುತ್ತಿದ್ದದ್ದು ಅದೇ ಹಾವಿಗೆ ಬೀರು. ಸ್ಪಿರಿಟ್ಟಿನ ಎರಡು ಉದ್ದ ಜಾಡಿಗಳು, ಒಂದರಲ್ಲಿ ಅಕ್ಕನನ್ನು ಕೊಂದದ್ದು, ಇನ್ನೊಂದರಲ್ಲಿ ವಿಷವಿಲ್ಲದ್ದು. ವಿಷವಿಲ್ಲದ್ದರ ಪಟ್ಟೆಗಳು ಕತ್ತಿನಿಂದಲೇ ಶುರುವಾಗಿ ಬಾಲದತ್ತ ಮಾಸುತ್ತವೆ. ಕಟ್ಟುಹಾವಿನವು ಬಾಲದತ್ತ ಎದ್ದು ಕಾಣುತ್ತವೆ, ಕತ್ತಿನ ಬಳಿ ಇಲ್ಲ. ಬೆಳಕಿಗೆ ಆ ಪಟ್ಟೆಗಳು ಮಾಸಬಾರದೆಂದು ದಪ್ಪ ಪರದೆ ಕಟ್ಟಿದರು. ಕುಳ್ಳಗಿನವರ ಕಣ್ಣಿಗೂ ಎಟುಕುವಂತೆ ಬೀರನ್ನು ತಗ್ಗಿಸಿದರು. ಶಾಲೆಯೊಳಗೆ ಕಾಲಿಡದ ಹೆಂಗಸರೂ ನೋಡಲೆಂದು ಅದನ್ನು ಶಾಲೆಯ ಬೀದಿ ಕಡೆಯ ಜಗುಲಿಯಲ್ಲಿಟ್ಟರು. ನೀರಿಗೆ ಹೋಗುವವರನ್ನು ನಿಲ್ಲಿಸಿ, ಪರದೆ ಎತ್ತಿ, "ಬರ್ರಿ ತಾಯಿ, ಒಂದು ಸಲ ನೋಡಿ ಹೋಗ್ರಿ" ಎನ್ನುತ್ತಿದ್ದರು. ನಾನು ಬಹಳ ದಿನ ಆ ಬೀದಿಗೇ ಹೋಗಲಿಲ್ಲ. ಕೊನೆಗೊಂದು ದಿನ ಹೋಗಿ ನೋಡಿದೆ.

ಆಮೇಲೆ ಅವರಿಗೆ ಮಡಕಶಿರಾಕ್ಕೆ ವರ್ಗವಾಯಿತು. ನನ್ನ ಮದುವೆಯಾಗಿ ಮಗಳು ಹುಟ್ಟಿದಳು. ಒಮ್ಮೆ ಅವಳು ಚಾಪೆಯಂಚಿನ ಹಾವಿನತ್ತ ಕೈ ಚಾಚಿದ್ದಳು. ಕತ್ತಿನ ಬಳಿ ಪಟ್ಟೆಯಿರಲಿಲ್ಲ. ನಾನು ಮಗುವನ್ನು ಎಳೆದುಕೊಂಡೆ.

ಅದನ್ನು ಹೇಳಲೆಂದೇ ಮಗಳನ್ನೆತ್ತಿಕೊಂಡು ಮಡಕಶಿರಾಕ್ಕೆ ಹೋದೆ. ಮೇಷ್ಟ್ರು ಬಹಳ ಇಳಿದುಹೋಗಿದ್ದರು. ಎಲ್ಲ ಕೇಳಿ, "ನೋಡಿದ ಕೂಡಲೇ ಗೊತ್ತಾತೇನಮ್ಮ?" ಎಂದರು.

"ಹೌದ್ರಿ, ಕೂಡಲೇ."

"ಇಷ್ಟು ಸುಲಭ ಇತ್ತು" ಎಂದರು. "ಆಕಿಗೆ ಈ ಒಂದು ಮಾತು ನಾನು ಹೇಳ್ಕೊಡಲಿಲ್ಲ."

ನನ್ನ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಅವಳ ಪುಟ್ಟ ಬೆನ್ನಿಗೆ ಮುಖವಿಟ್ಟು ಅತ್ತರು.

ಮರು ಬೇಸಿಗೆಯಲ್ಲಿ ಅವರು ತೀರಿಹೋದರೆಂಬ ಸುದ್ದಿ ಬಂತು. ಆ ಮಗಳು ಈಗ ಅಜ್ಜಿಯಾಗಿದ್ದಾಳೆ.