ಅಲಾರಾಂ ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ

ಅವತ್ತು ಮಧ್ಯಾಹ್ನ ಅಲಾರಾಂ ಬಡಿಯತೊಡಗಿದಾಗ ಸ್ಕ್ರೀನ್ ನೋಡಿದೆ. ಅಂಕಿಗಳು ಕಂಡವು. ಅಕ್ಷರಗಳು ಕಂಡವು.

ಏನೂ ಅರ್ಥವಾಗಲಿಲ್ಲ.

ಕೊಪ್ಪಳದ ಹತ್ತಿರದ ಕಬ್ಬಿಣದ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ನಾನು ಆಪರೇಟರ್. ಕುಲುಮೆಯನ್ನೂ ಅದಿರು ಸಾಗಿಸುವ ಎರಡು ಬೆಲ್ಟ್‌ಗಳನ್ನೂ ಕೂತಲ್ಲಿಂದಲೇ ನಡೆಸಬೇಕು. ಮೊದಲು ಇಬ್ಬರಿದ್ದೆವು. ಜೊತೆಯವರು ಕೆಲಸ ಬಿಟ್ಟ ಮೇಲೆ ಅವರ ಸ್ಕ್ರೀನ್‌ಗಳೂ ನನ್ನ ಪಾಲಿಗೆ ಬಂದವು. ಫೋನು, ವಾಕಿಟಾಕಿ ಬೇರೆ. ಕೆಲವು ತಿಂಗಳಿಂದ ನಿದ್ದೆ ಸರಿಯಿರಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ದುಡಿಯುವವರಿಗೆಲ್ಲ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ವಾಕಿಟಾಕಿಯಲ್ಲಿ ಯಾರೋ, "ಮೇಡಂ, ಬೆಲ್ಟ್ ಚಾಲೂ ಮಾಡ್ರಿ" ಅಂದರು. ಒಂದು ಬೆಲ್ಟಿನ ಮೇಲೆ ಫಿಟ್ಟರ್ ಮಹಾಂತೇಶ ರಿಪೇರಿಗೆ ಕೂತಿದ್ದ. ಅದು ಗೊತ್ತಿತ್ತು.

ಯಾವ ಬೆಲ್ಟ್?

ನೆನಪಾಗಲಿಲ್ಲ. ಮೌಸಿನ ಮೇಲಿದ್ದ ಬೆರಳುಗಳು ಮರಗಟ್ಟಿದ್ದವು. ಕೈ ಹಿಂದಕ್ಕೆಳೆದುಕೊಂಡೆ. "ನಂಗೇನೂ ತಿಳಿವಲ್ದು. ಯಾರಾದ್ರೂ ಲಗೂನ ಬರ್ರಿ" ಅಂದೆ.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಇರಬಹುದೆಂದು ಎಂಆರ್‌ಐ ಮಾಡಿದರು. ನಾರ್ಮಲ್. ಬಿಪಿ ಮಾತ್ರ ಏರಿತ್ತು. ಸಮಾಧಾನವಾಗುವ ಬದಲು ಹೆದರಿಕೆಯಾಯಿತು. ರಿಪೋರ್ಟಿನಲ್ಲಿ ಏನೂ ಇಲ್ಲದಿದ್ದರೆ ನಾನು ನಾಟಕ ಮಾಡಿದೆ ಎಂದು ಕಾರ್ಖಾನೆಯವರು ಅನ್ನುವುದಿಲ್ಲವೇ?

"ನಾಟಕ ಅಲ್ರಿ ಇದು," ಡಾಕ್ಟರು ಹೇಳಿದರು. "ತಲಿಗೆ ಒಮ್ಮೆಲೆ ಎಷ್ಟು ಹಿಡಿತೈತೋ ಅಷ್ಟ. ಅದಕ್ಕೂ ಜಾಸ್ತಿ ತುಂಬಿದ್ರ ಯಾರಾದ್ರೂ ಹಿಂಗ ನಿಂತುಬಿಡ್ತಾರ." ಆತಂಕಕ್ಕೆ ಮಾತ್ರೆ ಬರೆದು ರಜೆ ಹಾಕಿಸಿದರು.

ಮನೆಯಲ್ಲಿ ಅತ್ತೆ ಕುಕ್ಕರನ್ನು ಅಟ್ಟಕ್ಕೆ ಹಾಕಿ ಪಾತ್ರೆಯಲ್ಲೇ ಅನ್ನ ಮಾಡತೊಡಗಿದರು.

ಒಂದು ದಿನ ಮಹಾಂತೇಶ ಆನೆಗೊಂದಿಯ ಬಾಳೆಹಣ್ಣು ಹಿಡಿದು ಬಂದ. "ಅಕ್ಕಾರ, ಅವತ್ತ ನೀವು ಚಾಲೂ ಮಾಡಿದ್ರ..." ಅಂದವನು ಹಣ್ಣನ್ನು ನನ್ನ ಕೈಗಿಟ್ಟ.

"ನಾ ತಿಳಿದು ಚಾಲೂ ಮಾಡದ ಬಿಟ್ಟಿದ್ದಲ್ಲೋ ಮಾಂತೇಶ. ನಂಗ ಗೊತ್ತ ಆಗ್ಲಿಲ್ಲ."

"ಗೊತ್ತಾಗವಲ್ದು ಅಂತ ಬಾಯಿಬಿಟ್ಟು ಹೇಳಿದ್ರಲ್ಲ. ಅದಕ್ಕ ಉಳದೀನ್ರಿ."

ಅವನು ಹೋದ ಮೇಲೆ ನಾನು ಬಹಳ ಹೊತ್ತು ಅಳುತ್ತಾ ಕೂತೆ.

ಕೆಲಸಕ್ಕೆ ಮರಳಿದಾಗ ಕೆಲಸದ ಹೊರೆ ಅಳೆಯುವ ಎಂಜಿನಿಯರೊಬ್ಬರು ಬಂದಿದ್ದರು. ಪಕ್ಕದಲ್ಲೇ ಕೂತು, ನಾನು ಒಂದನ್ನು ನೋಡುವಾಗ ಯಾವುದು ಕೈತಪ್ಪುತ್ತದೆ ಎಂದು ಗಮನಿಸಿ ಕಂಪ್ಯೂಟರಿನಲ್ಲಿ ಅದರ ಮಾದರಿ ಮಾಡಿದರು. ಅಲಾರಾಂ, ಫೋನು, ವಾಕಿಟಾಕಿ ಒಟ್ಟಿಗೆ ಬರುವ ಕಡೆ ಹೊರೆ ತೋರಿಸುವ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಅದನ್ನು ತೋರಿಸಿ, "ಇಲ್ಲಿ ಒಬ್ಬರಿಂದ ಆಗೂದಿಲ್ರಿ" ಎಂದು ಮ್ಯಾನೇಜರಿಗೆ ಹೇಳಿದರು. ಎಂಆರ್‌ಐಯಲ್ಲಿ ಕಾಣದ್ದು ಆ ಗೆರೆಯಲ್ಲಿ ಕಂಡಿತ್ತು.

ಈಗ ಯಲಬುರ್ಗಾದ ರತ್ನಾ ನನ್ನ ಜೊತೆಗಿದ್ದಾಳೆ. ರಿಪೇರಿಯಲ್ಲಿರುವ ಬೆಲ್ಟಿಗೆ ಬೀಗ ಬೀಳುತ್ತದೆ. ನಮ್ಮ ಸ್ಕ್ರೀನಿನಿಂದ ಅದು ಚಾಲೂ ಆಗುವುದೇ ಇಲ್ಲ. ಮಾತ್ರೆ ಇನ್ನೂ ನಿಂತಿಲ್ಲ. ಕೆಲವು ದಿನ ಎದೆ ಹೊಡೆದುಕೊಳ್ಳುತ್ತದೆ. ಆಗ "ಸ್ವಲ್ಪ ನೀ ನೋಡವಾ" ಅಂದು ಎದ್ದು ಹೊರಗೆ ನಿಲ್ಲುತ್ತೇನೆ. ರತ್ನಾ ಕುರ್ಚಿಯನ್ನು ನನ್ನ ಸ್ಕ್ರೀನಿನ ಕಡೆ ಎಳೆದುಕೊಳ್ಳುತ್ತಾಳೆ.