ಒಂದು ಮನೆಗೆ ಒಂದು ಬಿಲ್ಲೆ

ಹಂಚನ್ನು ಬೆರಳಿನ ಗೆಣ್ಣಿನಿಂದ ಬಡಿದರೆ ಅದು ತನ್ನ ಗುಣವನ್ನು ತಾನೇ ಹೇಳುತ್ತದೆ. ಚೆನ್ನಾಗಿ ಬೆಂದದ್ದು ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಮಂಕು. ಹೊಯ್ಗೆಬಜಾರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಬಡಿದು ಆರಿಸುವುದು ನನ್ನ ಕೆಲಸವಾಗಿತ್ತು. ನನ್ನ ಕಿವಿಯ ಬಗ್ಗೆ ನನಗೆ ಜಂಬವಿತ್ತು, ನನ್ನ ಬಾಯಿಯ ಬಗ್ಗೆ ಉಳಿದವರಿಗೆ ಹೆದರಿಕೆಯಿತ್ತು.

ಒಂದು ವರ್ಷ ಹಂಚು ಕೇಳುವವರೇ ಇಲ್ಲದಾದರು. ದೂರದ ದೇಶಗಳಲ್ಲೆಲ್ಲ ವ್ಯಾಪಾರ ಬಿದ್ದುಹೋಗಿದೆಯಂತೆ ಎಂದು ಕಾರ್ಖಾನೆಯ ರೈಟರು ಹೇಳಿದರು. ಯಾವುದೋ ದೇಶದಲ್ಲಿ ವ್ಯಾಪಾರ ಬಿದ್ದರೆ ನಮ್ಮ ಗಂಜಿ ಯಾಕೆ ನೀರಾಗಬೇಕು ಎಂದು ನಾನು ಕೇಳಿದೆ. ಒಲೆಗಳು ಆರಿದವು, ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ನನ್ನ ಅಣ್ಣನಿಗೂ ಕೆಲಸ ಹೋಯಿತು. ನನ್ನ ಗಂಡ ಬೊಂಬಾಯಿಗೆ ಹೋದವನು, ಎರಡು ಕಾಗದ ಬರೆದು ಸುಮ್ಮನಾಗಿದ್ದ.

ನಾನು ಮತ್ತು ನನ್ನ ಐದು ವರ್ಷದ ಮಗ ಕದ್ರಿ ಗುಡ್ಡದ ಕೆಳಗೆ ಅಣ್ಣನ ಜೊತೆ ಇದ್ದೆವು. ನಮ್ಮಲ್ಲಿ ಹಾಗೆಯೇ. ಹೆಣ್ಣು ಮದುವೆಯಾದರೂ ಹುಟ್ಟಿದ ಮನೆಯವಳೇ, ಅವಳ ಮಕ್ಕಳು ಆ ಮನೆಯ ಮಕ್ಕಳೇ. ಅಣ್ಣನ ಹೆಂಡತಿ ತೀರಿಹೋಗಿದ್ದಳು, ಅವನ ಮಗಳು ಅವಳ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದಳು. ಅಣ್ಣನ ನಂತರ ಮನೆಗೂ ಮನೆಯ ದೈವವನ್ನು ಪೂಜಿಸುವ ಮಂಚಕ್ಕೂ ಅಳಿಯನೇ, ಅಂದರೆ ನನ್ನ ಮಗನೇ, ಹಕ್ಕುದಾರ. ಅಣ್ಣ ಸತ್ತರೆ ಬೆಂಕಿ ಕೊಡಬೇಕಾದವನೂ ಅವನೇ. ಅಣ್ಣ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನನ್ನ ಕೊನೆಯ ಕೊಳ್ಳಿ ಇವನ ಕೈಯಲ್ಲಿ ಉಂಟು" ಎಂದು ತಮಾಷೆ ಮಾಡುತ್ತಿದ್ದ.

ಆಗ ಸರ್ಕಾರದವರು ಕೆಲಸವಿಲ್ಲದವರಿಗಾಗಿ ರಸ್ತೆ ಕೆಲಸ ಶುರುಮಾಡಿದರು. ಗುಡ್ಡದ ಮೇಲಿನ ಪದವಿನ ಬಯಲಿಗೆ ಹೋಗುವ ರಸ್ತೆಗೆ ಜಲ್ಲಿ ಒಡೆಯಬೇಕು, ಸಂಜೆ ಕೂಲಿಯಾಗಿ ಒಂದು ಸೇರು ಅಕ್ಕಿ. ಒಂದು ಮನೆಗೆ ಒಂದೇ ತಗಡಿನ ಬಿಲ್ಲೆ. ಬಿಲ್ಲೆ ಇದ್ದವರಿಗೆ ಮಾತ್ರ ಸುತ್ತಿಗೆ. ಅಣ್ಣ ಮೊದಲ ದಿನವೇ ಬಿಲ್ಲೆ ತಂದ. ಈ ನಿಯಮ ಸರಿಯಾಗಿ ತಿಳಿಯದೆ ಮರುದಿನ ನಾನೂ ಸಾಲಿನಲ್ಲಿ ನಿಂತೆ.

ಬಿಲ್ಲೆ ಕೊಡುವ ಗುಮಾಸ್ತ ಘಟ್ಟದ ಮೇಲಿನವನು. "ಯಾವ ಮನೆ? ಯಜಮಾನ ಯಾರು?" ಎಂದು ಕೇಳಿದ. ನಾನು ಎದೆಯುಬ್ಬಿಸಿ ಅಣ್ಣನ ಹೆಸರು ಹೇಳಿದೆ. ಅವನು ಪುಸ್ತಕ ನೋಡಿ, "ಆ ಮನೆಗೆ ಆಗಿದೆ, ಹೋಗು" ಎಂದ. ಹಿಂದಿದ್ದ ಹೆಂಗಸು, "ಗಂಡನ ಹೆಸರು ಹೇಳುದಲ್ವಾ ಮಾರಾಯ್ತಿ, ಅವರಿಗೆ ನಮ್ಮ ಕಟ್ಟುಕಟ್ಟಳೆ ಎಂತ ಗೊತ್ತುಂಟು?" ಎಂದಳು. ಆ ದಿನ ನಮ್ಮವರಲ್ಲಿ ಎಷ್ಟೋ ಹೆಂಗಸರು ಇದೇ ತಪ್ಪು ಮಾಡಿ ಬರಿಗೈಯಲ್ಲಿ ಹಿಂತಿರುಗಿದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಹಾಗಾಯಿತು.

ಒಂದು ಸೇರಿನಲ್ಲಿ ಮೂವರ ಹೊಟ್ಟೆ ತುಂಬಬೇಕಿತ್ತು, ಉಪ್ಪು ಎಣ್ಣೆಗೂ ಅದರಲ್ಲೇ ಒಂದು ಪಾಲು ಮಾರಬೇಕಿತ್ತು. ಇಡೀ ದಿನ ಕಲ್ಲು ಒಡೆದು ಬಂದ ಅಣ್ಣ ಗಂಜಿಯ ತಿಳಿ ಕುಡಿದು ಅಗುಳನ್ನು ಮಗುವಿನ ಕಡೆ ತಳ್ಳುತ್ತಿದ್ದ. ಆದರೂ ಮಗುವಿನ ಕಾಲುಗಳು ಬಾತುಕೊಂಡವು. ಒಂದು ದಿನ ಅವನು ಅಂಗಳದ ಮಣ್ಣು ತಿನ್ನುತ್ತಿದ್ದುದನ್ನು ಅಣ್ಣ ನೋಡಿದ.

"ನಾಳೆ ಹೋಗಿ ಗಂಡನ ಮನೆಯವಳು ಅಂತ ಹೇಳು" ಎಂದ.

"ಹುಟ್ಟಿದ ಮನೆ ಬಿಟ್ಟು ಬೇರೆ ಮನೆ ಹೇಳಲಿಕ್ಕೆ ನನಗೆ ಎಂತ ಬಂದಿದೆ?" ಎಂದೆ. ಹಸಿವಿಗಿಂತ ಹಟ ದೊಡ್ಡದಾಗಿತ್ತು ನನಗೆ.

ಮರುದಿನ ಅವನೇ ನನ್ನನ್ನೂ ಮಗುವನ್ನೂ ಎಳೆದುಕೊಂಡು ಗುಮಾಸ್ತನ ಮುಂದೆ ನಿಲ್ಲಿಸಿದ. "ಇವಳು ನಮ್ಮ ಮನೆಯವಳಲ್ಲ ಸ್ವಾಮಿ. ಗೊತ್ತಿಲ್ಲದೆ ನನ್ನ ಹೆಸರು ಹೇಳಿದ್ದಾಳೆ" ಎಂದ. ಗುಮಾಸ್ತ ನಂಬಲಿಲ್ಲ. ಪಕ್ಕದಲ್ಲಿದ್ದ ಮುದಿ ಜವಾನ ನಮ್ಮ ಕಡೆಯವನು. ನಮ್ಮವರು ಯಾವುದಕ್ಕೆ ಹೆದರುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಮನೆಯ ದೈವದ ಮೇಲೆ ಆಣೆ ಹಾಕಿ ಹೇಳು" ಎಂದ.

ಅಣ್ಣ ಮಗುವಿನ ಬಾತ ಕಾಲುಗಳನ್ನು ನೋಡಿದ. ಆಮೇಲೆ ದೈವದ ಹೆಸರೆತ್ತಿ ಹೇಳಿದ, ಇವಳೂ ಇವಳ ಮಗನೂ ನಮ್ಮ ಮನೆಯವರಲ್ಲ ಎಂದು.

ನನಗೆ ಬಿಲ್ಲೆ ಸಿಕ್ಕಿತು. ಅಂದೇ ಸಂಜೆ ನನ್ನ ಚಾಪೆ, ಮಡಕೆ ಎತ್ತಿಕೊಂಡು ಮನೆ ಬಿಟ್ಟೆ. ಅಣ್ಣ ಅಡ್ಡ ನಿಂತು, "ನಾನು ಬಾಯಲ್ಲಿ ಹೇಳಿದ್ದು ಮಾರಾಯ್ತಿ, ಮಗುವಿಗೆ ಅನ್ನ ಬೇಕಲ್ಲ" ಎಂದ. "ದೈವದ ಮೇಲೆ ಹೇಳಿದ್ದು ಬಾಯಿಮಾತಾ?" ಎಂದು ಕೇಳಿ ಹೊರಟುಬಂದೆ. ರಸ್ತೆ ಬದಿ ತೆಂಗಿನ ಮಡಲಿನ ಗುಡಿಸಲು ಕಟ್ಟಿ, ಅವನು ಗಳಿಸಿಕೊಟ್ಟ ಬಿಲ್ಲೆಯ ಅಕ್ಕಿಯನ್ನೇ ಬೇಯಿಸಿ ಉಂಡೆ. ಮಗುವಿನ ಕಾಲಿನ ಬಾವು ಇಳಿಯಿತು. ಅಣ್ಣ ಐವತ್ತು ಮಾರು ದೂರದಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದ. ರಸ್ತೆ ಮುಗಿಯುವವರೆಗೆ ನಾನು ಅವನ ಕಡೆ ತಿರುಗಿ ನೋಡಲಿಲ್ಲ.

ಕಾರ್ಖಾನೆಯ ಒಲೆ ಮತ್ತೆ ಹೊತ್ತಿತು. ನಾನು ಹೊಯ್ಗೆಬಜಾರಿನಲ್ಲಿ ಒಂದು ಕೋಣೆ ಹಿಡಿದೆ. ಪ್ರತಿ ವರ್ಷ ಮನೆಯವರೆಲ್ಲ ಸೇರಿ ಉಣ್ಣುವ ಹೊಸ ಅಕ್ಕಿ ಊಟಕ್ಕೆ ಅಣ್ಣ ತಾನೇ ಬಂದು ಕರೆಯುತ್ತಿದ್ದ. ಒಂದು ವರ್ಷ, "ಆ ಆಣೆಗಾಗಿ ದೈವಕ್ಕೆ ತಪ್ಪುಕಾಣಿಕೆ ಹಾಕಿದ್ದೇನೆ. ದೈವ ಒಪ್ಪಿಯಾಯಿತು, ನೀನು ಒಪ್ಪುದು ಬಾಕಿ" ಎಂದು ನಗಲು ನೋಡಿದ. ಮಗ ಮಾವನ ಕೈ ಹಿಡಿದು ನಿಂತಿದ್ದ. ನಾನು ಮಗನನ್ನಷ್ಟೇ ಒಳಗೆ ಕರೆದೆ. ದೈವಕ್ಕಿಂತ ದೊಡ್ಡವಳಾಗಿದ್ದೆ ನಾನು! ಸಾವಿರ ಹಂಚುಗಳಲ್ಲಿ ಬಿರುಕು ಕೇಳುತ್ತಿದ್ದ ಈ ಕಿವಿಗೆ ಅಣ್ಣನ ದನಿಯಲ್ಲಿದ್ದದ್ದು ಕೇಳಿಸಲಿಲ್ಲ.

ಯುದ್ಧ ಶುರುವಾದ ಮೇಲಿನ ಮಾತು. ಮಗನಿಗೆ ಹದಿನಾಲ್ಕಾಗಿತ್ತು. ಒಂದು ದಿನ ಬೆಳಿಗ್ಗೆ ಅಣ್ಣನ ನೆರೆಮನೆಯವನು ಕಾರ್ಖಾನೆಗೆ ಓಡಿಬಂದ. ಅಣ್ಣ ತೀರಿಕೊಂಡಿದ್ದಾನೆ, ಮಳೆ ಬರುವ ಹಾಗಿದೆ, ಹುಡುಗನನ್ನು ಬೇಗ ಕಳಿಸು ಎಂದ. ಕೈಯಲ್ಲಿ ಹಂಚಿತ್ತು. ಯಾವ ನಾಲಿಗೆ ಅದೋ ನನಗೆ ತಿಳಿಯದು, "ನಾವು ಆ ಮನೆಯವರಲ್ಲವಂತೆ. ಅವನೇ ಆಣೆ ಹಾಕಿದ್ದಾನೆ" ಎಂದೆ. ಅವನು ನನ್ನ ಮುಖವನ್ನೇ ನೋಡಿ ಹಿಂತಿರುಗಿದ.

ಇನ್ನೂ ಹತ್ತು ಹಂಚು ಬಡಿದಿರಬೇಕು. ಯಾವುದರ ಸದ್ದೂ ಕೇಳಿಸಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಎದ್ದು ಓಡಿದೆ, ಕೋಣೆಯಿಂದ ಮಗನನ್ನು ಹಿಡಿದುಕೊಂಡು ಕದ್ರಿಯವರೆಗೆ ಓಡಿದೆ. ಅಣ್ಣ ಹೇಳಿದ್ದು ಸುಳ್ಳು, ಮಗುವಿನ ಹೊಟ್ಟೆಗಾಗಿ ಹೇಳಿದ ಸುಳ್ಳು. ಅದನ್ನು ನಿಜ ಮಾಡಿದವಳು ನಾನು.

ಗದ್ದೆಯ ಮೂಲೆಯಲ್ಲಿ ಹೊಗೆ ಏಳುತ್ತಿತ್ತು. ಅಳಿಯ ಬರುವುದಿಲ್ಲವೆಂದು ಕೇಳಿ ನೆರೆಮನೆಯವನೇ ಕೊಳ್ಳಿ ಇಟ್ಟಿದ್ದ. ಅಲ್ಲಿದ್ದ ಒಬ್ಬ ಹಿರಿಯರಿಗೆ ಕಣ್ಣು ಮಂಜು. ಅವರು ನನ್ನ ಮಗನ ಭುಜ ಮುಟ್ಟಿ, "ನೀನು ಯಾವ ಮನೆಯವನು ಮಗಾ?" ಎಂದು ಕೇಳಿದರು.

ಹುಡುಗ ನನ್ನ ಮುಖ ನೋಡಿದ. ಏನು ಹೇಳಬೇಕೆಂದು ಅವನಿಗೆ ನಾನು ಕಲಿಸಿರಲಿಲ್ಲ.

"ಈ ಮನೆಯವನು" ಎಂದು ನಾನೇ ಕೂಗಿ ಹೇಳಿದೆ. ಎಲ್ಲರೂ ತಿರುಗಿ ನೋಡಿದರು. ಕೇಳಬೇಕಾದವನು ಉರಿಯುತ್ತಿದ್ದ.